ಪುರಾಣಶ್ರವಣದಿಂದ ಗ್ರಂಥಾಧ್ಯಯನಕ್ಕೆ: ಪಂಡಿತಾ ರಮಾಬಾಯಿಯವರ ಬೈಬಲ್ ಸಾಧನೆ

ಪುಣೆಯಿಂದ ನಾಶಿಕಕ್ಕೆ ಹೋಗುವ ಹೆದ್ದಾರಿಯಲ್ಲಿರುವ ಚಾಕಣವು ಇತಿಹಾಸದ ವಾಚಕರಿಗೆ ತನ್ನ ಕೋಟೆಯಿಂದ ಪರಿಚಿತವಾದ ಊರು. 1660ರಲ್ಲಿ ಶಾಯಿಸ್ತಾಖಾನನ ದೊಡ್ಡ ಸೈನ್ಯವನ್ನು ಫಿರಂಗೋಜಿ ನರಸಾಳನು ಸಣ್ಣದೊಂದು ದಂಡಿನೊಡನೆ ಸುಮಾರು ಎರಡು ತಿಂಗಳ ಕಾಲ ತಡೆದು ನಿಲ್ಲಿಸಿದ ಸಂಗ್ರಾಮದುರ್ಗ ಇಲ್ಲಿಯದೇ. ಈಗ ಕೋಟೆ ಪಾಳುಬಿದ್ದಿದೆ. ಊರಿನ ಸುತ್ತ ಮೋಟಾರು ಕಾರ್ಖಾನೆಗಳು ಎದ್ದಿವೆ. ಆದರೆ ಈ ಊರಿನ ನೆರೆಗೆ ಇನ್ನೊಂದು ಪ್ರಸಿದ್ಧಿಯುಂಟು. ಚಾಕಣದ ದಕ್ಷಿಣಕ್ಕೆ ಸ್ವಲ್ಪ ದೂರದಲ್ಲಿಯೇ ಇಂದ್ರಾಯಣೀ ನದಿಯ ದಡದಲ್ಲಿ ಆಳಂದಿ. ಅದೇ ನದಿಯ ದಡದಲ್ಲಿ, ತುಸು ಪಶ್ಚಿಮಕ್ಕೆ, ದೇಹು. ಒಂದು ಜ್ಞಾನದೇವರ ಸಮಾಧಿಸ್ಥಳ, ಇನ್ನೊಂದು ತುಕಾರಾಮರ ಹುಟ್ಟೂರು. ಸಂಸ್ಕೃತದಲ್ಲಿದ್ದ ಗೀತೆಯ ಅರ್ಥವನ್ನು 1290ರಲ್ಲಿ ಮರಾಠಿಯ ಓವಿಗಳಲ್ಲಿ ಹೇಳಿದವರು ಮೊದಲನೆಯವರು. ಎರಡನೆಯವರ ವಿಷಯದಲ್ಲಿ, ಶೂದ್ರನಾದವನು ವೇದಾರ್ಥವನ್ನು ನುಡಿಯಬಾರದೆಂದು ಅವರ ಅಭಂಗಗಳ ಹಸ್ತಪ್ರತಿಗಳನ್ನು ಇಂದ್ರಾಯಣಿಯಲ್ಲಿ ಮುಳುಗಿಸಬೇಕಾಯಿತೆಂಬ ಕಥೆ ಇಂದಿಗೂ ಜನರ ಬಾಯಲ್ಲಿದೆ. ಈ ಸೀಮೆಯ ಹಳ್ಳಿಗಳಲ್ಲಿ ಸಪ್ತಾಹ ಕೂಡಿದಾಗ ಜ್ಞಾನೇಶ್ವರಿಯ ಪಾರಾಯಣ ತಪ್ಪದು. ಹೀಗಾಗಿ ಇದು ಗ್ರಂಥವನ್ನು ಸಾಧನೆಯ ತಳಹದಿಯಾಗಿ ಮಾಡಿಕೊಂಡ ಜನರ ನೆಲ.

ಗ್ರಂಥವು ಸಾಧನೆಗೆ ತಳಹದಿಯಾಗುವುದೆಂದರೇನು? ಅದನ್ನು ಯಾರು ಓದಬಹುದು, ಯಾವ ಭಾಷೆಯಲ್ಲಿ ಓದಬೇಕು, ಓದಿದ್ದು ತಿಳಿಯದೆ ಹೋದರೂ ಫಲವುಂಟೆ? ಇವು ಆಳಂದಿ ದೇಹುಗಳ ಪ್ರಶ್ನೆಗಳು. ಆರುನೂರು ವರ್ಷಗಳ ತರುವಾಯ ಇದೇ ಪ್ರಶ್ನೆಗಳನ್ನು ಇದೇ ಪುಣೆ ಜಿಲ್ಲೆಯಲ್ಲಿ, ಕ್ರೈಸ್ತರ ಗ್ರಂಥವನ್ನು ಮುಂದಿಟ್ಟುಕೊಂಡು ಕೇಳಿ, ಉತ್ತರಕ್ಕಾಗಿ ಬಾಳನ್ನೇ ಸವೆಸಿದವರೊಬ್ಬರಿದ್ದರು. ಅವರು ಪಂಡಿತಾ ರಮಾಬಾಯಿ. ಕಲಬುರಗಿ ಸೊಲ್ಲಾಪುರಗಳ ಮಾರ್ಗವಾಗಿ ರೈಲಿನಲ್ಲಿ ಪುಣೆಗೆ ಬರುವ ಕನ್ನಡಿಗರು ದೌಂಡ ಜಂಕ್ಷನ್ನು ದಾಟಿದ ಮೇಲೆ ಕೇಡಗಾಂವ್ ಎಂಬ ಸಣ್ಣ ನಿಲ್ದಾಣವೊಂದನ್ನು ಹಾದು ಬರುತ್ತಾರೆ. ರಮಾಬಾಯಿಯವರ 'ಮುಕ್ತಿ ಸದನ' ಅಲ್ಲಿಯದು. ಸಮಾಜಸುಧಾರಕಿಯೆಂದು, ವಿಧವೆಯರ ಉದ್ಧಾರಕಿಯೆಂದು ಅವರ ವಿಷಯದಲ್ಲಿ ಬಹಳ ಬರೆದಿದ್ದಾರೆ. ಅವರು ಬೈಬಲನ್ನು ಓದಿದ ರೀತಿಯ ವಿಷಯ ಅಷ್ಟಾಗಿ ಚರ್ಚೆಗೆ ಬಂದಿಲ್ಲ. ಆದರೆ ಅವರ ಉಳಿದೆಲ್ಲ ಕೆಲಸಗಳ ಬೇರು ಇರುವುದು ಆ ಓದಿನಲ್ಲಿಯೇ.

ರಮಾಬಾಯಿಯವರು ಹುಟ್ಟಿದ್ದು ಕನ್ನಡ ನಾಡಿನಲ್ಲಿ. ತಂದೆ ಅನಂತಶಾಸ್ತ್ರಿ ಡೋಂಗರೆಯವರು ಕಾರ್ಕಳದ ಕಡೆಯ ಮಾಳದವರು, ಚಿತ್ಪಾವನ ಬ್ರಾಹ್ಮಣರು. ತುಂಗೆ, ಭದ್ರೆ, ನೇತ್ರಾವತಿಗಳು ಉಗಮಿಸುವ ಗಂಗಾಮೂಲದ ಅರಣ್ಯದಲ್ಲಿ ಅವರು ಒಂದು ಆಶ್ರಮವನ್ನು ಕಟ್ಟಿಕೊಂಡಿದ್ದರು. 1858ನೆಯ ಏಪ್ರಿಲ್ 23ರಂದು ರಮಾಬಾಯಿ ಅಲ್ಲಿ ಜನಿಸಿದರು. ಅನಂತಶಾಸ್ತ್ರಿಗಳು ಆಚಾರದಲ್ಲಿ ಕಟ್ಟುನಿಟ್ಟಿನವರು; ಆದರೆ ಒಂದು ವಿಷಯದಲ್ಲಿ ಮಾತ್ರ ಕಾಲವನ್ನು ಮೀರಿದವರು. ವೇದಗಳನ್ನು ಬಿಟ್ಟು ಉಳಿದ ಸಂಸ್ಕೃತ ವಾಙ್ಮಯವನ್ನು ಸ್ತ್ರೀಯರೂ ಶೂದ್ರರೂ ಏಕೆ ಓದಬಾರದೆಂಬುದು ಅವರ ಪ್ರಶ್ನೆಯಾಗಿತ್ತು. ಊರಿಗೆ ಬೋಧಿಸುವುದಕ್ಕೆ ಮೊದಲು ಮನೆಯಲ್ಲಿಯೇ ಪ್ರಯೋಗ ನಡೆಸಿ ಪತ್ನಿ ಲಕ್ಷ್ಮೀಬಾಯಿಗೆ ಸಂಸ್ಕೃತ ಕಲಿಸಿದರು. ಇದಕ್ಕಾಗಿ ಪಂಡಿತರ ಸಭೆಯ ಮುಂದೆ ನಿಂತು ಶಾಸ್ತ್ರಾಧಾರಗಳಿಂದ ತಮ್ಮ ಪಕ್ಷವನ್ನು ಸಮರ್ಥಿಸಬೇಕಾಯಿತು. ಸಮರ್ಥಿಸಿ ಬಹಿಷ್ಕಾರದಿಂದ ಪಾರಾದರು. ಮಗಳಿಗೆ ಸಂಸ್ಕೃತ ಕಲಿಸಿದವಳು ಆ ತಾಯಿಯೇ.

ಆರು ತಿಂಗಳ ಕೂಸನ್ನು ಬೆತ್ತದ ಬುಟ್ಟಿಯಲ್ಲಿಟ್ಟು ಹೊರಿಸಿಕೊಂಡು ಆ ಕುಟುಂಬ ಮನೆ ಬಿಟ್ಟಿತು. ಆ ಮೇಲೆ ಅವರಿಗೆ ನೆಲೆಯಾದ ಮನೆಯೆಂಬುದೇ ಇರಲಿಲ್ಲ. ತೀರ್ಥದಿಂದ ತೀರ್ಥಕ್ಕೆ ನಡೆಯುವುದು, ದೇವಾಲಯದ ಜಗಲಿಯಲ್ಲೋ ನದಿಯ ದಡದ ಮರದ ನೆರಳಿನಲ್ಲೋ ಕುಳಿತು ಪುರಾಣ ಓದುವುದು. ಇದು ಅವರ ವೃತ್ತಿಯೂ ವ್ರತವೂ ಆಗಿತ್ತು. ಹದಿನೈದನೆಯ ವಯಸ್ಸಿನ ಹೊತ್ತಿಗೆ ರಮಾಬಾಯಿಗೆ ಹದಿನೆಂಟು ಸಾವಿರ ಶ್ಲೋಕಗಳ ಭಾಗವತ ಕಂಠಸ್ಥವಾಗಿತ್ತು. ಮರಾಠಿ, ಕನ್ನಡ, ಹಿಂದೂಸ್ತಾನಿಗಳು ದಾರಿಯಲ್ಲಿಯೇ ಬಾಯಿಗೆ ಬಂದವು. ಪೌರಾಣಿಕನ ಪಾರಾಯಣ ಹೇಗೆ ನಡೆಯುತ್ತಿತ್ತೆಂಬುದನ್ನು ಅವರು ತಮ್ಮ ಆತ್ಮವೃತ್ತದಲ್ಲಿ ವಿವರಿಸಿದ್ದಾರೆ. ಪೌರಾಣಿಕನು ಭಿಕ್ಷೆ ಬೇಡುವವನಲ್ಲ. ಗ್ರಂಥವನ್ನು ಬಿಚ್ಚಿ ರಾಗವಾಗಿ ಓದುತ್ತಾನೆ. ಬಂದವರು ಗ್ರಂಥಕ್ಕೆ ನಮಸ್ಕರಿಸಿ ಹಣ್ಣು ಹೂವು ಕಾಸುಗಳನ್ನಿಟ್ಟು, ಕ್ಷಣಕಾಲ ಕೇಳಿ, ಎದ್ದು ಹೋಗುತ್ತಾರೆ. ಅರ್ಥ ತಿಳಿಯಬೇಕೆಂಬ ನಿರ್ಬಂಧ ಕೇಳುವವರಿಗಿಲ್ಲ. ತಿಳಿಸಬೇಕೆಂಬ ನಿರ್ಬಂಧ ಓದುವವನಿಗೂ ಇಲ್ಲ. ಶಬ್ದವು ಕಿವಿಗೆ ಬಿದ್ದರೆ ಪುಣ್ಯ.

ಈ ಶ್ರವಣಮಾತ್ರ ಪುಣ್ಯದ ಮೇಲಿನ ನಂಬಿಕೆಗೆ 1870ರ ದಶಕದ ಕ್ಷಾಮದಲ್ಲಿ ಪೆಟ್ಟು ಬಿದ್ದಿತು. ಇದ್ದುದೆಲ್ಲವನ್ನೂ ದಾನಧರ್ಮಗಳಿಗೂ ದೇವತೆಗಳ ಸೇವೆಗೂ ವ್ಯಯಿಸಿದ್ದ ಕುಟುಂಬಕ್ಕೆ ಅನ್ನವಿಲ್ಲದಾಯಿತು. ಕೂಲಿ ಮಾಡಲು ಅರಿಯದು, ಬೇಡಲು ಒಪ್ಪದು. ಅರಣ್ಯದಲ್ಲಿ ಹನ್ನೊಂದು ದಿವಸ ನೀರು ಎಲೆಗಳ ಮೇಲೆ ಜೀವ ಹಿಡಿದದ್ದನ್ನು ರಮಾಬಾಯಿಯವರು ಬರೆದಿದ್ದಾರೆ. 1874ರಲ್ಲಿ ತಂದೆ ತೀರಿಕೊಂಡರು. ಕೆಲವೇ ವಾರಗಳಲ್ಲಿ ತಾಯಿ. ಮರುವರ್ಷ ಅಕ್ಕ ಕೃಷ್ಣಾಬಾಯಿ. ಅಣ್ಣ ಶ್ರೀನಿವಾಸ, ತಂಗಿ ರಮಾ ಇಬ್ಬರೇ ಉಳಿದು ಉತ್ತರದ ಕಡೆಗೆ ನಡೆದರು. ಈ ದುಃಖದಿಂದ ಅವರಲ್ಲಿ ಉಳಿದದ್ದು ನಾಸ್ತಿಕತೆಯೆಂದು ತಿಳಿಯಬಾರದು. ಉಳಿದದ್ದು ಒಂದು ಹಠ. ತಿಳಿಯದೆ ಓದಿದ್ದರ, ತಿಳಿಸದೆ ಓದಿಸಿದ್ದರ ವಿಷಯದಲ್ಲಿ ಅವರಿಗೆ ಎಂದಿಗೂ ಹೋಗದ ಒಂದು ಅಸಹನೆ ಅಲ್ಲಿಂದ ಹುಟ್ಟಿತು.

1878ರಲ್ಲಿ ಅಣ್ಣತಂಗಿಯರು ಕಲ್ಕತ್ತೆಯನ್ನು ಸೇರಿದರು. ಅಲ್ಲಿಯ ವಿದ್ವಾಂಸರು ರಮಾಬಾಯಿಯವರನ್ನು ಪರೀಕ್ಷಿಸಿ 'ಪಂಡಿತಾ', 'ಸರಸ್ವತೀ' ಎಂಬ ಬಿರುದುಗಳನ್ನಿತ್ತರು. ಸ್ತ್ರೀಯರಿಗೆ ಉಪನ್ಯಾಸ ಮಾಡಬೇಕೆಂದು ಧರ್ಮಶಾಸ್ತ್ರಗಳನ್ನು ಓದತೊಡಗಿದಾಗ ಅವರಿಗೊಂದು ಸಂಗತಿ ಕಣ್ಣಿಗೆ ಬಿದ್ದಿತು. ನೂರು ವಿಷಯಗಳಲ್ಲಿ ಒಂದಕ್ಕೊಂದು ಒಪ್ಪದ ಆ ಗ್ರಂಥಗಳು ಸ್ತ್ರೀಯರನ್ನೂ ಶೂದ್ರರನ್ನೂ ಹೀನರೆಂದೆಣಿಸಿ ಶ್ರುತಿಯಿಂದ ದೂರವಿಡುವುದರಲ್ಲಿ ಮಾತ್ರ ಒಮ್ಮತದಿಂದಿದ್ದವು. ಕೇಶವಚಂದ್ರ ಸೇನರು ವೇದದ ಒಂದು ಪ್ರತಿಯನ್ನು ಕೈಗಿತ್ತು ಓದೆಂದಾಗ ರಮಾಬಾಯಿಯವರು ಮೊದಲು ಹಿಂಜರಿದರಂತೆ. ಮಗಳಿಗೆ ಭಾಗವತವನ್ನು ಬಾಯಿಪಾಠ ಮಾಡಿಸಿದ ಆ ಉದಾರಿಯಾದ ತಂದೆಯೂ ವೇದದ ಗೆರೆಯನ್ನು ದಾಟಿರಲಿಲ್ಲ.

ಬೈಬಲಿನ ಮೊದಲ ದರ್ಶನವೂ ಕಲ್ಕತ್ತೆಯಲ್ಲಿಯೇ. ಕ್ರೈಸ್ತರ ಕೂಟವೊಂದಕ್ಕೆ ಹೋದಾಗ ಸಂಸ್ಕೃತಕ್ಕೆ ಅನುವಾದವಾದ ಬೈಬಲಿನ ಪ್ರತಿಯೊಂದು ಅವರಿಗೆ ದೊರೆಯಿತು. ಸಂಸ್ಕೃತದಲ್ಲಿ ಆಗ ಅವರಿಗೆ ಸಮಾನರಾದ ಸ್ತ್ರೀಯರಿರಲಿಲ್ಲ. ಆದರೂ ಆ ಗ್ರಂಥ ಅವರಿಗೆ ದಕ್ಕಲಿಲ್ಲ. ಅದರ ಸಂಸ್ಕೃತವು ತಾವು ಬಲ್ಲ ಸಂಸ್ಕೃತವಲ್ಲ, ಅದರ ಮಾತು ತಾವು ಕೇಳಿದ ಮಾತಲ್ಲ. ಓದುವುದು ಕಾಲಹರಣವೆಂದು ಮುಚ್ಚಿಟ್ಟರು. ಈ ಘಟನೆ ಗಮನಾರ್ಹವಾದುದು. ವಿದ್ವತ್ತು ಒಂದು ಗ್ರಂಥದ ಬಾಗಿಲನ್ನು ತೆರೆಯಲಾರದೆ ಹೋಗಬಹುದು. ದೇವಭಾಷೆಯೇ ಅಡ್ಡವಾಗಿ ನಿಲ್ಲಬಹುದು. ಎರಡನೆಯ ಸಲ ಬೈಬಲು ಬಂದದ್ದು ಮನೆಯ ಪುಸ್ತಕಗಳ ನಡುವಿನ ಒಂದು ಕಿರುಹೊತ್ತಗೆಯಾಗಿ. ಅಣ್ಣ ತೀರಿಕೊಂಡ ಬಳಿಕ 1880ರ ಜೂನ್ ತಿಂಗಳಲ್ಲಿ ಬಂಗಾಳದ ವಕೀಲರಾದ ಬಿಪಿನ್ ಬಿಹಾರಿ ಮೇಧಾವಿಯವರನ್ನು ಮದುವೆಯಾಗಿ ಅವರು ಆಸಾಮಿನ ಸಿಲ್ಚರಿಗೆ ಹೋಗಿದ್ದರು. ಅಲ್ಲಿ ಕೈಗೆ ಸಿಕ್ಕಿದ್ದು ಬಂಗಾಳಿಯಲ್ಲಿದ್ದ ಲೂಕನ ಸುವಾರ್ತೆ. ಬಂಗಾಳಿ ಅವರು ಇತ್ತೀಚೆಗೆ ಕಲಿತ ಭಾಷೆ. ಆದರೂ ಇದು ಮನಸ್ಸಿಗೆ ತಾಕಿತು. ಶಾಸ್ತ್ರಭಾಷೆಯಲ್ಲಿ ಮುಚ್ಚಿದ ಬಾಗಿಲು ಮನೆಮಾತಿನಲ್ಲಿ ತೆರೆದದ್ದನ್ನು ರಮಾಬಾಯಿಯವರು ಮರೆಯಲಿಲ್ಲವೆಂಬುದಕ್ಕೆ ಅವರ ಜೀವಿತದ ಕೊನೆಯ ಹದಿನೆಂಟು ವರ್ಷಗಳೇ ಸಾಕ್ಷಿ.

1882ರ ಫೆಬ್ರವರಿಯಲ್ಲಿ ಪತಿ ವಾಂತಿಭೇದಿಗೆ ತುತ್ತಾದರು. ಒಂದು ವರ್ಷವೂ ತುಂಬದ ಮಗಳು ಮನೋರಮೆಯೊಡನೆ ರಮಾಬಾಯಿಯವರು ಪುಣೆಗೆ ಬಂದು ಆರ್ಯ ಮಹಿಳಾ ಸಮಾಜವನ್ನು ಸ್ಥಾಪಿಸಿದರು. ಇಲ್ಲಿಯೇ ಕ್ರೈಸ್ತ ಮಿಶನಿನ ಉಪಾಧ್ಯಾಯಿನಿಯೊಬ್ಬರೊಡನೆ ಹೊಸ ಒಡಂಬಡಿಕೆಯನ್ನು ಮರಾಠಿಯಲ್ಲಿ ಓದಿದರು. 1883ರಲ್ಲಿ ಇಂಗ್ಲೆಂಡಿಗೆ ಹೋಗಿ, ಅದೇ ಸೆಪ್ಟೆಂಬರ್ 29ರಂದು ವಾಂಟೇಜ್ ಎಂಬಲ್ಲಿ ದೀಕ್ಷಾಸ್ನಾನ ಪಡೆದರು. ಅಲ್ಲಿಯ ಸಂನ್ಯಾಸಿನಿಯರು ಲಂಡನ್ನಿನ ಫುಲಂ ಎಂಬಲ್ಲಿ ದಾರಿತಪ್ಪಿದ ಸ್ತ್ರೀಯರಿಗಾಗಿ ನಡೆಸುತ್ತಿದ್ದ ಆಶ್ರಯವನ್ನು ನೋಡಿ ಬೆರಗಾಗಿ, ಇಂಥವರನ್ನು ಪ್ರೀತಿಯಿಂದ ಕಾಣಲು ನಿಮ್ಮನ್ನು ಪ್ರೇರಿಸಿದ್ದೇನೆಂದು ರಮಾಬಾಯಿಯವರು ಕೇಳಿದರು. ಉತ್ತರವಾಗಿ ಆ ಸೋದರಿ ಯೋಹಾನನ ಸುವಾರ್ತೆಯ ನಾಲ್ಕನೆಯ ಅಧ್ಯಾಯವನ್ನು ಓದಿ ತೋರಿಸಿದಳು. ಬಾವಿಯ ಕಟ್ಟೆಯ ಮೇಲೆ ಕುಳಿತ ಯೇಸು, ಕುಲವೂ ನಡತೆಯೂ ಕೀಳೆಂದು ಜನ ದೂರವಿಟ್ಟ ಸಮಾರ್ಯದ ಸ್ತ್ರೀಯೊಬ್ಬಳಲ್ಲಿ ನೀರು ಬೇಡುವ ಕಥೆ ಅದು. ದೇವರ ಆರಾಧನೆ ಈ ಬೆಟ್ಟದಲ್ಲಿಯೂ ಅಲ್ಲ, ಯೆರೂಸಲೇಮಿನಲ್ಲಿಯೂ ಅಲ್ಲ ಎಂಬ ಮಾತು ಆ ಕಥೆಯಲ್ಲಿ ಬರುತ್ತದೆ. ತೀರ್ಥದಿಂದ ತೀರ್ಥಕ್ಕೆ ನಡೆದು ನಡೆದು ತನ್ನವರನ್ನೆಲ್ಲ ಕಳೆದುಕೊಂಡವಳಿಗೆ ಈ ಮಾತು ಹೇಗೆ ಕೇಳಿಸಿರಬೇಕೆಂಬುದನ್ನು ಊಹಿಸುವುದು ಕಷ್ಟವಲ್ಲ.

ಆದರೆ ಅದೇ ವಾಂಟೇಜಿನಲ್ಲಿಯೇ ಕಲಹವೂ ಆರಂಭವಾಯಿತು. ಗುರುಸ್ಥಾನದಲ್ಲಿದ್ದ ಸೋದರಿ ಜೆರಾಲ್ಡೀನ್ ಅವರಿಗೂ ರಮಾಬಾಯಿಯವರಿಗೂ ನಡೆದ ಪತ್ರವ್ಯವಹಾರ 1977ರಲ್ಲಿ ಪುಸ್ತಕವಾಗಿ ಪ್ರಕಟವಾಗಿದೆ. ಶಿಷ್ಯೆಯಾದವಳು ಸಭೆಯ ಉಪದೇಶವನ್ನು ಶ್ರದ್ಧೆಯಿಂದ ಸ್ವೀಕರಿಸಬೇಕೆಂಬುದು ಸೋದರಿಯ ನಿಲುವು. ಗ್ರಂಥದಲ್ಲಿ ಕಾಣದ್ದನ್ನು ತಮ್ಮ ಅಂತಃಸಾಕ್ಷಿ ಒಪ್ಪುವವರೆಗೂ ಒಪ್ಪಲಾರೆನೆಂಬುದು ರಮಾಬಾಯಿಯವರದು. ತ್ರಿತ್ವವನ್ನು ಕುರಿತು, ಸಭೆಯ ಪ್ರಾಚೀನ ವಿಶ್ವಾಸಸೂತ್ರಗಳನ್ನು ಕುರಿತು ಅವರು ಎತ್ತಿದ ಪ್ರಶ್ನೆಗಳು ಗುರುಗಳನ್ನು ಕಂಗೆಡಿಸಿದವು. ಭಾರತದ ಪುರೋಹಿತವರ್ಗದ ನೊಗವನ್ನು ಬಹು ಕಷ್ಟದಿಂದ ಕೆಳಗಿಳಿಸಿರುವಾಗ ಇನ್ನೊಂದು ನೊಗಕ್ಕೆ ಕೊರಳೊಡ್ಡುವ ಇಚ್ಛೆ ತಮಗಿಲ್ಲವೆಂದು ಅವರು ಸ್ಪಷ್ಟವಾಗಿ ಬರೆದರು. ಧರಿಸಬೇಕಾದ ಶಿಲುಬೆಯ ಮೇಲೆ ಲ್ಯಾಟಿನ್ ಅಕ್ಷರಗಳೇಕೆ, ಅವು ಸಂಸ್ಕೃತಕ್ಕಿಂತ ದೇವರಿಗೆ ಹತ್ತಿರವೆ ಎಂದೂ ಕೇಳಿದರು. ಪ್ರಶ್ನೆ ಸಣ್ಣದಾಗಿ ತೋರಬಹುದು. ಆದರೆ ತಿಳಿಯದ ಭಾಷೆಗೆ ಪಾವಿತ್ರ್ಯವನ್ನು ಆರೋಪಿಸುವ ಪದ್ಧತಿ ಸಮುದ್ರದಾಚೆಯಲ್ಲಿಯೂ ಇರುವುದನ್ನು ಕಂಡ ಪೌರಾಣಿಕನ ಮಗಳ ಪ್ರಶ್ನೆ ಅದು.

ಇಲ್ಲಿ ಅಧ್ಯಯನವನ್ನು ಸಾಧನೆಯ ಅಂಗವೆಂದು ಕ್ರೈಸ್ತರು ಹೇಗೆ ತಿಳಿದಿದ್ದಾರೆಂಬುದನ್ನು ಸ್ವಲ್ಪ ವಿವರಿಸುವುದು ಅವಶ್ಯ. ಪಶ್ಚಿಮದ ಮಠಗಳಲ್ಲಿ ಗ್ರಂಥಪಠನಕ್ಕೆ ನಾಲ್ಕು ಮೆಟ್ಟಿಲುಗಳನ್ನು ಹೇಳುವ ಸಂಪ್ರದಾಯವುಂಟು. ಹನ್ನೆರಡನೆಯ ಶತಮಾನದ ಗೀಗೋ ಎಂಬ ಸಂನ್ಯಾಸಿ ಅದನ್ನು ಕ್ರಮಪಡಿಸಿದನು. ಮೊದಲು ವಾಚನ, ಆ ಮೇಲೆ ಮನನ, ಮನನದಿಂದ ಪ್ರಾರ್ಥನೆ, ಕೊನೆಗೆ ಮಾತಿಲ್ಲದ ದರ್ಶನ. ಶ್ರವಣ, ಮನನ, ನಿದಿಧ್ಯಾಸನಗಳನ್ನು ಬಲ್ಲ ಕನ್ನಡ ವಾಚಕರಿಗೆ ಇದು ಅಪರಿಚಿತವೆನಿಸದು. ಭೇದವಿರುವುದು ಮೂರನೆಯ ಮೆಟ್ಟಿಲಿನಲ್ಲಿ. ಅಲ್ಲಿ ಓದುಗನು ಗ್ರಂಥಕ್ಕೆ ಪ್ರತ್ಯುತ್ತರ ಕೊಡುತ್ತಾನೆ. ಗ್ರಂಥದ ಮಾತು ತನ್ನನ್ನೇ ಕುರಿತು ಆಡಿದ ಮಾತೆಂದು ಭಾವಿಸಿ ಮಾತಿಗೆ ಮಾತು ಕೊಡುತ್ತಾನೆ. ಇನ್ನೂ ಪ್ರಾಚೀನವಾದ ಯೆಹೂದ್ಯ ಸಂಪ್ರದಾಯವನ್ನು ನೋಡಿದರೆ ಮತ್ತೊಂದು ಸ್ವಾರಸ್ಯ ಕಾಣುತ್ತದೆ. ಕೀರ್ತನೆಗಳ ಮೊದಲನೆಯ ಕೀರ್ತನೆಯಲ್ಲಿ ಹಗಲಿರುಳು ಧರ್ಮೋಪದೇಶವನ್ನು ಧ್ಯಾನಿಸುವವನ ಪ್ರಸ್ತಾಪವಿದೆ. ಅಲ್ಲಿ ಧ್ಯಾನಕ್ಕೆ ಬಳಸಿದ ಹೀಬ್ರೂ ಶಬ್ದ 'ಹಾಗಾ'. ಅದರ ಮೂಲಾರ್ಥ ಮೌನವಲ್ಲ, ಮೆಲ್ಲನೆ ಗುನುಗುವುದು. ಯೆಶಾಯನ ಗ್ರಂಥದಲ್ಲಿ ಬೇಟೆಯ ಮೇಲೆ ನಿಂತ ಸಿಂಹದ ಗುರುಗುಟ್ಟುವಿಕೆಗೂ ಪಾರಿವಾಳದ ಕೂಗಿಗೂ ಇದೇ ಶಬ್ದ. ತುಟಿ ಅಲುಗುತ್ತ, ಮಾತನ್ನು ಬಾಯಲ್ಲಿ ತಿರುಗಿಸುತ್ತ ಇರುವುದೇ ಆ ಧ್ಯಾನ. ಹೀಗೆ ಪಾರಾಯಣದ ಸದ್ದು ಬೈಬಲಿನಲ್ಲಿಯೂ ಇದೆ. ರಮಾಬಾಯಿಯವರು ಬಿಟ್ಟದ್ದು ಆ ಸದ್ದನ್ನಲ್ಲ, ಅರ್ಥವಿಲ್ಲದ ಸದ್ದನ್ನು.

ದೀಕ್ಷೆಯಾದ ಎಂಟು ವರ್ಷಗಳ ಮೇಲೆ, 1891ರ ಸುಮಾರಿಗೆ, ಅವರ ಓದಿನಲ್ಲಿ ಒಂದು ತಿರುವು ಬಂದಿತು. ಅಮೆರಿಕೆಯ ಪ್ರವಾಸ, 1887ರ ಪ್ರಸಿದ್ಧ ಇಂಗ್ಲಿಷ್ ಗ್ರಂಥ, 1889ರಲ್ಲಿ ಮುಂಬಯಿಯಲ್ಲಿ ಶಾರದಾ ಸದನದ ಸ್ಥಾಪನೆ, ಮರುವರ್ಷ ಅದು ಪುಣೆಗೆ ಬಂದದ್ದು, ಇವೆಲ್ಲ ಆಗಿಹೋಗಿದ್ದವು. ಹ್ಯಾಸ್ಲಂ ಎಂಬ ಆಂಗ್ಲ ಪಾದ್ರಿಯ ಆತ್ಮಕಥನ ಅವರ ಕೈಗೆ ಬಂದಿತು. ಪೀಠದ ಮೇಲೆ ನಿಂತು ಊರಿಗೆ ಉಪದೇಶಿಸುತ್ತಿದ್ದಾಗ ತನ್ನ ಉಪದೇಶದಿಂದ ತಾನೇ ಪರಿವರ್ತನೆ ಹೊಂದಿದವನು ಆತ. ಅದನ್ನೋದಿ ರಮಾಬಾಯಿಯವರು ತಮ್ಮನ್ನು ತಾವೇ ಪರೀಕ್ಷಿಸಿಕೊಂಡರು. ಕ್ರೈಸ್ತಮತ ತಮಗೆ ದೊರೆತಿದೆ, ಕ್ರಿಸ್ತನು ದೊರೆತಿಲ್ಲ ಎಂಬುದು ಅವರು ಕಂಡುಕೊಂಡ ಉತ್ತರ. ಅಲ್ಲಿಯವರೆಗೆ ಅವರು ಬೈಬಲನ್ನು ವಾದಕ್ಕಾಗಿ, ತುಲನೆಗಾಗಿ, ಸಭೆಯ ಅಧಿಕಾರವನ್ನು ಅಳೆಯುವುದಕ್ಕಾಗಿ ಓದಿದ್ದರು. ಈಗ ಬಿನ್ನಹವಾಗಿ ಓದತೊಡಗಿದರು. ಮೊದಲಿನ ಓದು ವ್ಯರ್ಥವಾಯಿತೆಂದು ಹೇಳಲಾಗದು. ವಾದ ಮಾಡಿ ದಣಿದವರಿಗೆ ಶರಣಾಗತಿಯ ಬೆಲೆ ಹೆಚ್ಚು ತಿಳಿಯುತ್ತದೆ.

ಈ ಹೊಸ ಓದಿನ ಪರಿಣಾಮ ಪುಣೆಯಲ್ಲಿ ದೊಡ್ಡ ಕ್ಷೋಭೆಗೆ ಕಾರಣವಾಯಿತು. ಶಾರದಾ ಸದನದಲ್ಲಿ ಮತೋಪದೇಶವಿಲ್ಲ, ಪ್ರತಿಯೊಬ್ಬಳೂ ತನ್ನ ಆಚಾರವನ್ನು ಪಾಲಿಸಬಹುದು ಎಂಬ ಕರಾರಿನ ಮೇಲೆ ರಾನಡೆ, ಭಾಂಡಾರ್ಕರ್ ಮೊದಲಾದವರು ಸಲಹಾಸಮಿತಿಯಲ್ಲಿದ್ದರು. ರಮಾಬಾಯಿಯವರು ಬೆಳಿಗ್ಗೆ ತಮ್ಮ ಕೋಣೆಯಲ್ಲಿ ಮಗಳೊಡನೆ ಬೈಬಲು ಓದಿ ಪ್ರಾರ್ಥಿಸುವರು. ಬಾಗಿಲನ್ನು ಮುಚ್ಚರು. ಹುಡುಗಿಯರು ಬಂದು ಕುಳಿತರೆ ಏಳಿಸರು. ಕರೆಯಲಿಲ್ಲವೆಂಬುದು ಅವರ ಸಮಾಧಾನ. ತೆರೆದ ಬಾಗಿಲೇ ಕರೆಯೆಂಬುದು ಎದುರಾಳಿಗಳ ಆಕ್ಷೇಪ. 'ಕೇಸರಿ' ಕಟುವಾಗಿ ಬರೆಯಿತು. 1893ರಲ್ಲಿ ಸಮಿತಿಯವರು ರಾಜೀನಾಮೆಯಿತ್ತರು. ಅನೇಕ ಪಾಲಕರು ಮಕ್ಕಳನ್ನು ಬಿಡಿಸಿಕೊಂಡು ಹೋದರು. ಈ ವಿವಾದದಲ್ಲಿ ಒಂದೇ ಪಕ್ಷದಲ್ಲಿ ನ್ಯಾಯವಿತ್ತೆಂದು ಹೇಳುವುದು ಸುಲಭವಲ್ಲ. ತಮ್ಮ ಮನೆಯಲ್ಲಿ ತಾವು ಬಾಗಿಲು ಮುಚ್ಚಿ ದೇವರನ್ನು ನೆನೆಯಬೇಕೆಂಬ ವಿಧಿಯನ್ನು ಯಾವ ಸಾಧಕರೂ ಒಪ್ಪಲಾರರು. ಅಂತೆಯೇ, ಊಟ, ಬಟ್ಟೆ, ವಿದ್ಯೆ, ಮಮತೆ ಎಲ್ಲವೂ ಒಬ್ಬರ ಕೈಯಿಂದಲೇ ಬರುತ್ತಿರುವಾಗ ಹನ್ನೆರಡು ವರ್ಷದ ವಿಧವೆ ಬಾಲಿಕೆಯು ಸ್ವತಂತ್ರಳಾಗಿ ಆರಿಸಿಕೊಂಡಳೆಂದು ಹೇಳುವುದಕ್ಕೂ ಬಾಯಿ ಬರದು. ಗುರುವಿನ ನೊಗವನ್ನು ವಾಂಟೇಜಿನಲ್ಲಿ ನಿರಾಕರಿಸಿದವರು ತಾವೇ ಗುರುವಾದಾಗ ಈ ಪ್ರಶ್ನೆ ಏಳದೆ ಇರದು. ಓದು ಬರುವ ಮೊದಲೇ ನಂಬಿಕೆಯನ್ನು ಕೇಳುವ ಬದಲು, ಪ್ರತಿಯೊಬ್ಬಳಿಗೂ ಓದು ಕಲಿಸಿ ಗ್ರಂಥವನ್ನೇ ಕೈಯಲ್ಲಿಡುವುದು ಅವರು ಕಂಡುಕೊಂಡ ದಾರಿ. ಅದು ಪೂರ್ಣ ಪರಿಹಾರವೆನ್ನಲಾಗದಿದ್ದರೂ ಪೌರಾಣಿಕನ ಜಗಲಿಯಿಂದ ಬಹು ದೂರದ್ದು.

1896ರಿಂದ ಮಧ್ಯಪ್ರಾಂತದಲ್ಲಿ, 1900ರಲ್ಲಿ ಗುಜರಾತಿನ ಕಡೆ ಬಿದ್ದ ಕ್ಷಾಮಗಳಲ್ಲಿ ರಮಾಬಾಯಿಯವರು ನೂರಾರು ಅನಾಥ ಬಾಲಿಕೆಯರನ್ನು ಕರೆತಂದರು. ತಾವೂ ಕ್ಷಾಮದ ಮಗಳೆಂಬ ನೆನಪು ಅವರನ್ನು ಎಳೆದೊಯ್ದಿತೆಂದು ಅವರೇ ಹೇಳಿಕೊಂಡಿದ್ದಾರೆ. ಕೇಡಗಾಂವಿನಲ್ಲಿ ಕೊಂಡಿದ್ದ ಹೊಲದಲ್ಲಿ ಮುಕ್ತಿ ಸದನ ಎದ್ದಿತು. ಕೆಲವೇ ವರ್ಷಗಳಲ್ಲಿ ನಿವಾಸಿಗಳ ಸಂಖ್ಯೆ ಸಾವಿರವನ್ನು ಮೀರಿತು. ಬಾವಿ ತೋಡುವುದು, ಗಾಣ, ಮಗ್ಗ, ಹೈನು, ಅಚ್ಚುಕೂಟ, ಎಲ್ಲವೂ ಹೆಂಗಸರ ಕೈಯಲ್ಲಿ. ಮಗಳು ಮನೋರಮೆಯು ಕುರುಡ ಹೆಣ್ಣುಮಕ್ಕಳಿಗೆ ಬ್ರೈಲ್ ಲಿಪಿ ಕಲಿಸಿದಳು. ಕಿವಿಯಿಂದ ಮಾತ್ರ ಗ್ರಂಥವನ್ನು ಬಲ್ಲವರಾಗಿ ಉಳಿಯಬೇಕಾಗಿದ್ದವರು ಬೆರಳಿನಿಂದ ಓದತೊಡಗಿದರು. 1905ರ ಜೂನ್ ತಿಂಗಳ ಕೊನೆಯಲ್ಲಿ ರಮಾಬಾಯಿಯವರು ಎಂದಿನಂತೆ ಶಾಂತಸ್ವರದಲ್ಲಿ ಯೋಹಾನನ ಸುವಾರ್ತೆಯನ್ನು ವಿವರಿಸುತ್ತಿದ್ದಾಗ ಕೂಡಿದವರೆಲ್ಲರೂ ಒಮ್ಮೆಗೇ ಗಟ್ಟಿಯಾಗಿ ಪ್ರಾರ್ಥಿಸತೊಡಗಿದರೆಂದೂ, ಅಂದಿನ ಪಾಠ ಅಲ್ಲಿಗೇ ನಿಂತಿತೆಂದೂ ವರದಿಗಳಿವೆ. ಆ ಭಾವಾವೇಶದ ವಿಷಯದಲ್ಲಿ ದೇಶವಿದೇಶಗಳಲ್ಲಿ ಪರವಿರೋಧಗಳ ಚರ್ಚೆ ನಡೆಯಿತು; ಅದನ್ನಿಲ್ಲಿ ವಿಸ್ತರಿಸಬೇಕಾಗಿಲ್ಲ. ಲಕ್ಷ್ಯದಲ್ಲಿಡತಕ್ಕದ್ದು ಇಷ್ಟೆ: ಅದೇ ಕಾಲದಲ್ಲಿ ಅದೇ ಹೆಂಗಸು ಹೀಬ್ರೂ, ಗ್ರೀಕ್ ವ್ಯಾಕರಣಗಳನ್ನು ಮುಂದಿಟ್ಟುಕೊಂಡು ಕುಳಿತಿದ್ದರು.

ಐವತ್ತರ ಹತ್ತಿರದ ವಯಸ್ಸಿನಲ್ಲಿ ಈ ಭಾಷೆಗಳನ್ನು ಕಲಿಯಹೊರಟದ್ದೇಕೆ? ಮರಾಠಿಯಲ್ಲಿ ಬೈಬಲು ಆಗಲೇ ಇದ್ದಿತು. ಆದರೆ ಅದರ ಸಂಸ್ಕೃತಮಯ ಭಾಷೆ ಕೇಡಗಾಂವಿನ ಹೊಲಗೆಲಸದ ಹುಡುಗಿಗೆ ತಿಳಿಯುತ್ತಿರಲಿಲ್ಲ. ಮತ್ತೊಂದು ತೊಡಕು ಇನ್ನೂ ಆಳವಾದುದು. ಸಂಸ್ಕೃತದ ಪಾರಿಭಾಷಿಕ ಶಬ್ದಗಳು ಬರಿಗೈಯಲ್ಲಿ ಬರುವುದಿಲ್ಲ, ತಮ್ಮ ದರ್ಶನವನ್ನು ಹೊತ್ತುಕೊಂಡೇ ಬರುತ್ತವೆ. ಉದಾಹರಣೆಗೆ ಹೀಬ್ರೂವಿನ 'ನೆಫೆಷ್' ಎಂಬ ಶಬ್ದವನ್ನು ತೆಗೆದುಕೊಳ್ಳಬಹುದು. ಅದಕ್ಕೆ ಗಂಟಲು, ಉಸಿರು, ಜೀವ, ಹಸಿಯುವ ಬಾಯಾರುವ ಪ್ರಾಣಿ ಎಂಬಿಷ್ಟು ಅರ್ಥಗಳು, ಅದು ಸಾಯಬಲ್ಲದು. ಅದನ್ನು 'ಆತ್ಮ'ವೆಂದು ಅನುವಾದಿಸಿದೊಡನೆ ಗೀತೆಯನ್ನು ಬಲ್ಲ ವಾಚಕನು ಹುಟ್ಟದ, ಸಾಯದ, ಶಸ್ತ್ರಗಳು ಕತ್ತರಿಸಲಾರದ ವಸ್ತುವನ್ನು ನೆನೆಯುತ್ತಾನೆ. ಆಗ ವಾಚಕನು ಓದುತ್ತಿರುವುದು ಎದುರಿನ ಪುಸ್ತಕವನ್ನಲ್ಲ, ತನ್ನೊಳಗೆ ಮೊದಲೇ ಇದ್ದ ಪುಸ್ತಕವನ್ನು. ವೇದಾಂತದ ಶಬ್ದಸಂಪತ್ತನ್ನು ಇಷ್ಟು ಚೆನ್ನಾಗಿ ಬಲ್ಲ ಅನುವಾದಕರು ಮತ್ತೊಬ್ಬರಿರಲಿಲ್ಲ. ಆದುದರಿಂದಲೇ ಅದರ ಅಪಾಯವೂ ರಮಾಬಾಯಿಯವರಿಗೆ ಹೆಚ್ಚು ತಿಳಿದಿತ್ತು. ಲ್ಯಾಟಿನ್ನಿನೆದುರು ಸಂಸ್ಕೃತದ ಮಾನವನ್ನು ಕಾಯ್ದವರು ಈಗ ಅದೇ ಸಂಸ್ಕೃತವನ್ನು ಮಾತುಮಾತಿಗೂ ಹೊರಗಿಡುತ್ತ ನಡೆದರು. ಇಷ್ಟಾಗಿಯೂ ತಮ್ಮ ಸಂಸ್ಥೆಗೆ ಅವರಿಟ್ಟುಕೊಂಡ ಹೆಸರು ಮಾತ್ರ 'ಮುಕ್ತಿ'. ಯೆಶಾಯನ ಗ್ರಂಥದಲ್ಲಿ ಗೋಡೆಗಳಿಗೆ ಆ ಅರ್ಥದ ಹೆಸರನ್ನಿಡುವ ಮಾತೊಂದಿದೆಯೆಂಬುದು ಅದಕ್ಕೆ ಆಧಾರ. ಆದರೂ ಭಾಗವತವನ್ನು ಬಾಯಲ್ಲಿಟ್ಟುಕೊಂಡು ಬೆಳೆದವರಿಗೆ ಆ ಶಬ್ದ ಅಷ್ಟು ಸುಲಭವಾಗಿ ಹಳೆಯ ಅರ್ಥವನ್ನು ಬಿಟ್ಟುಕೊಟ್ಟೀತೆ?

ಈ ನಿಲುವೇ ಸರಿಯಾದ ನಿಲುವೆಂದು ಎಲ್ಲರೂ ಒಪ್ಪಿರಲಿಲ್ಲ. ಅವರ ಸಮಕಾಲೀನರಾದ ಕವಿ ನಾರಾಯಣ ವಾಮನ ತಿಲಕರು 1893ರಲ್ಲಿ ರೈಲು ಪ್ರಯಾಣದಲ್ಲಿ ಸಹಪ್ರಯಾಣಿಕನಿಂದ ಪಡೆದ ಹೊಸ ಒಡಂಬಡಿಕೆಯನ್ನೋದಿ, ಅದರಲ್ಲಿಯ ಗಿರಿಪ್ರವಚನಕ್ಕೆ ಮಾರುಹೋಗಿ, 1895ರಲ್ಲಿ ಕ್ರೈಸ್ತರಾದವರು. ಅವರು ಕ್ರಿಸ್ತನಲ್ಲಿಗೆ ಬಂದದ್ದು ತುಕಾರಾಮರೆಂಬ ಸೇತುವೆಯ ಮೇಲೆ ನಡೆದು. ಚಾಕಣದ ನೆರೆಯ ದೇಹುವಿನ ಅಭಂಗದ ಧಾಟಿಯಲ್ಲಿಯೇ ಅವರು ಕ್ರಿಸ್ತಭಕ್ತಿಯನ್ನು ಹಾಡಿದರು. ಅವರು ಅರ್ಧಕ್ಕೆ ಬಿಟ್ಟ 'ಖ್ರಿಸ್ತಾಯನ'ವನ್ನು ಪತ್ನಿ ಲಕ್ಷ್ಮೀಬಾಯಿ ಪೂರೈಸಿದರು. ಹಳೆಯ ಪಾತ್ರೆಯಲ್ಲಿ ಹೊಸದನ್ನು ತುಂಬಬಹುದೆಂದು ತಿಲಕರ ಭರವಸೆ. ಪಾತ್ರೆಯ ವಾಸನೆ ಹೋಗದೆಂದು ರಮಾಬಾಯಿಯವರ ಅಂಜಿಕೆ. ಕನ್ನಡದಲ್ಲಿಯೂ ಈ ಎರಡು ದಾರಿಗಳುಂಟು. ಬಳ್ಳಾರಿಯಲ್ಲಿ ಜಾನ್ ಹ್ಯಾಂಡ್ಸ್ ಆರಂಭಿಸಿ 1831ರಲ್ಲಿ ಪೂರ್ತಿಗೊಂಡ ಕನ್ನಡ ಬೈಬಲು, ತರುವಾಯ ಬಾಸೆಲ್ ಮಿಶನಿನವರ ಕೈಯಲ್ಲಿ ತಿದ್ದಿಸಿಕೊಂಡು, 'ನಿತ್ಯಜೀವ', 'ರಕ್ಷಣೆ', 'ಸುವಾರ್ತೆ'ಗಳಂಥ ತನ್ನದೇ ಶಬ್ದಗಳನ್ನು ನಾಡಿಗೆ ರೂಢಿಮಾಡಿತು. ಕಿಟ್ಟೆಲರು 1862ರ 'ಕಥಾಮಾಲೆ'ಯಲ್ಲಿ ಕ್ರಿಸ್ತನ ಕಥೆಯನ್ನು ದೇಶೀಯ ಛಂದಸ್ಸಿನಲ್ಲಿ ಹಾಡಿದರು. ಪುಣೆಯಲ್ಲಿಯೇ ಕ್ರಿಸ್ತ ಪ್ರೇಮ ಸೇವಾ ಆಶ್ರಮದಲ್ಲಿ 1972ರ ನಂತರ ಉಪನಿಷತ್ತುಗಳನ್ನೂ ಬೈಬಲನ್ನೂ ಒಂದೇ ಪ್ರಾರ್ಥನಾಸಭೆಯಲ್ಲಿ ಪಠಿಸುವ ಪದ್ಧತಿ ಬೆಳೆಯಿತು. ರಮಾಬಾಯಿಯವರು ಇದನ್ನು ಒಪ್ಪುತ್ತಿದ್ದರೆಂದು ತೋರುವುದಿಲ್ಲ.

ಅನುವಾದದ ಕೆಲಸ ಸುಮಾರು ಹದಿನೆಂಟು ವರ್ಷ ನಡೆಯಿತು. ಮೂಲದ ಶಬ್ದಶಬ್ದಕ್ಕೂ ಅಂಟಿಕೊಂಡು ನಡೆದ ಆ ಮರಾಠಿ ಕೆಲವೆಡೆ ಸರಳವಾಗಿದ್ದರೂ ಸರಾಗವಾಗಿಲ್ಲ. ಮರಾಠಿ ಸಭೆಗಳಲ್ಲಿ ಬಳಕೆಯಲ್ಲಿ ನಿಂತದ್ದು ಬೈಬಲ್ ಸಂಘದ ಪಾಠವೇ ಹೊರತು ರಮಾಬಾಯಿಯವರದಲ್ಲ. ಆದರೆ ಮೂಲಭಾಷೆಗಳಿಂದ ಇಡೀ ಬೈಬಲನ್ನು ಒಬ್ಬ ಸ್ತ್ರೀ ಅನುವಾದಿಸಿ, ಸ್ತ್ರೀಯರೇ ಮೊಳೆ ಜೋಡಿಸಿ, ಸ್ತ್ರೀಯರೇ ಅಚ್ಚುಹಾಕಿದ ಉದಾಹರಣೆ ಭಾರತದಲ್ಲಿ ಇನ್ನೊಂದಿಲ್ಲ. ವೇದದ ಪ್ರತಿಯನ್ನು ಮುಟ್ಟಲು ಹಿಂಜರಿದ ಕೈಯಿಂದ ಈ ಕೆಲಸ ನಡೆಯಿತೆಂಬುದು ಸಾಮಾನ್ಯ ಸಂಗತಿಯಲ್ಲ.

ಕನ್ನಡ ನಾಡಿನ ಸಂಬಂಧ ಕೊನೆಯವರೆಗೂ ಪೂರ್ತಿ ಕಡಿಯಲಿಲ್ಲ. ಅಂದು ನಿಜಾಮನ ಸೀಮೆಯಲ್ಲಿದ್ದ ಗುಲ್ಬರ್ಗದಲ್ಲಿ, ಈಗಿನ ಕಲಬುರಗಿಯಲ್ಲಿ, 1912ರ ಸುಮಾರಿಗೆ ಮನೋರಮಾಬಾಯಿಯವರ ಮೇಲ್ವಿಚಾರಣೆಯಲ್ಲಿ ಒಂದು ಕ್ರೈಸ್ತ ಶಾಲೆ ಆರಂಭವಾಯಿತು. ಬುಟ್ಟಿಯಲ್ಲಿ ಗಂಗಾಮೂಲವನ್ನು ಬಿಟ್ಟ ಕೂಸು ಹೀಗೆ ಮಗಳ ಮೂಲಕ ಕನ್ನಡದ ನೆಲಕ್ಕೆ ಮರಳಿದಂತಾಯಿತು. ಆದರೆ ತಾಯಿಯ ನಂತರ ಸಂಸ್ಥೆಯನ್ನು ನಡೆಸಬೇಕಾಗಿದ್ದ ಆ ಮಗಳು 1921ರ ಜುಲೈಯಲ್ಲಿ, ನಲವತ್ತನೆಯ ವಯಸ್ಸಿನಲ್ಲಿ ತೀರಿಕೊಂಡಳು. ರಮಾಬಾಯಿಯವರು ಅಚ್ಚಿನ ಕರಡುಗಳನ್ನು ತಿದ್ದುವುದನ್ನು ನಿಲ್ಲಿಸಲಿಲ್ಲ. ಕೊನೆಯ ಹಾಳೆಗಳನ್ನು ಮುಗಿಸಿದ ಕೆಲವೇ ದಿವಸಗಳಲ್ಲಿ, 1922ರ ಏಪ್ರಿಲ್ 5ರಂದು, ನಿದ್ರೆಯಲ್ಲಿಯೇ ಅವರ ಪ್ರಾಣ ಹೋಯಿತು. ಮುಕ್ತಿಯ ಅಚ್ಚುಕೂಟದ ಹೆಂಗಸರು ಮುದ್ರಣವನ್ನು ಮುಂದುವರಿಸಿ 1924ರಲ್ಲಿ ಗ್ರಂಥವನ್ನು ಹೊರತಂದರು. ಕಲ್ಕತ್ತೆಯಲ್ಲಿ ದೊರೆತು, ತಿಳಿಯದೆ ಮುಚ್ಚಿಟ್ಟ ಆ ಸಂಸ್ಕೃತ ಬೈಬಲಿನ ಪ್ರತಿಯನ್ನು ತಾವು ಎಂದಿಗೂ ಕೈಬಿಡಲಿಲ್ಲವೆಂದು ಅವರು ಆತ್ಮವೃತ್ತದಲ್ಲಿ ಬರೆದಿಟ್ಟಿದ್ದಾರೆ.